ಬಚ್ಚಲ ಒಲೆ ವಾರ್ಡ್ ಸಭೆಗೆ ಬಂದ ಬಗೆ

ಗ್ರಾಮ ಪಂಚಾಯಿತಿಯ ಕ್ರಿಯಾಯೋಜನೆಯಲ್ಲಿ ಇಂಧನದ ಬಾಬ್ತು ಹುಡುಕಿದರೆ ಸಿಗುವುದು ಬೀದಿದೀಪ ಮತ್ತು ನೀರಿನ ಪಂಪಿನ ಕರೆಂಟ್ ಬಿಲ್ಲು. ಹೊಸನಗರ, ಸಾಗರ, ತೀರ್ಥಹಳ್ಳಿ ಕಡೆಯ ಮನೆಯಲ್ಲಿ ದಿನಾ ಹೆಚ್ಚು ಉರುವಲು ತಿನ್ನುವ ಬಚ್ಚಲ ಹಂಡೆ ಒಲೆಯ ಲೆಕ್ಕ ಯಾವ ಕಡತದಲ್ಲೂ ಇರುವುದಿಲ್ಲ. ಕಟ್ಟಿಗೆ ಹೊರುವವರು, ಒಟ್ಟುವವರು, ಒಲೆಗೆ ಇಡುವವರು ಹೆಂಗಸರು. ಅವರನ್ನು ಸಭೆಗೆ ಕರೆತಂದು ಕೂರಿಸಿದರೆ ಸಾಲದು, ತಾವೇ ತೂಗಿ ಬರೆದ ಲೆಕ್ಕ ಕೈಯಲ್ಲಿರಬೇಕು. ನಾವು ಸ್ವಸಹಾಯ ಸಂಘಗಳ ಜೊತೆ ಮಾಡಿದ ಕೆಲಸದ ಕ್ರಮ ಮತ್ತು ಎಲ್ಲೆಲ್ಲಿ ಕೆಟ್ಟಿತು ಎನ್ನುವುದು ಇಲ್ಲಿದೆ.

ತೂಗಲು ಬೇಕಾಗುವುದು 50 ಕೆ.ಜಿ.ವರೆಗೆ ತೂಗುವ ಕೊಕ್ಕೆ ತಕ್ಕಡಿ, ಒಂದು ಗೋಣಿಚೀಲ, ಒಂದು ನೋಟ್‌ಬುಕ್. ಬೆಳಿಗ್ಗೆ ಒಲೆ ಹಚ್ಚುವ ಮೊದಲು ಆ ದಿನಕ್ಕೆ ಸಾಕಾಗಿ ಮಿಗುವಷ್ಟು ಕಟ್ಟಿಗೆ ತೂಗಿ ಬೇರೆ ಇಡಬೇಕು. ದಿನವಿಡೀ ಅದರಿಂದಲೇ ತೆಗೆಯಬೇಕು. ಮರುದಿನ ಅದೇ ಹೊತ್ತಿಗೆ ಉಳಿದದ್ದನ್ನು ತೂಗಿ ಕಳೆದರೆ ಖರ್ಚು ಸಿಗುತ್ತದೆ. ಒಂದು ದಿನದ ತೂಕ ನಂಬುವಂಥದ್ದಲ್ಲ, ಸತತ ನಾಲ್ಕು ದಿನ ಬೇಕು. ಮನೆಗೆ ಒಂದೇ ರಾಶಿ ಇಟ್ಟರೆ ಕೆಲಸ ಕೆಟ್ಟ ಹಾಗೆ. ಅಡುಗೆ ಒಲೆಗೊಂದು, ಬಚ್ಚಲ ಒಲೆಗೊಂದು, ದನದ ಅಕ್ಕಚ್ಚು ಬೇಯಿಸುವ ಒಲೆ ಬೇರೆ ಇದ್ದರೆ ಅದಕ್ಕೊಂದು ರಾಶಿ ಇಡಬೇಕು. ಅಡಿಕೆ ಬೇಯಿಸುವ ಒಲೆಯ ಲೆಕ್ಕ ಬೇರೆಯೇ ಪುಟದಲ್ಲಿರಲಿ. ಅದು ವರ್ಷದಲ್ಲಿ ಕೆಲವೇ ವಾರ ಉರಿಯುತ್ತದೆ, ಮನೆಬಳಕೆಗೆ ಸೇರಿಸಿದರೆ ಸರಾಸರಿ ಹಾಳಾಗುತ್ತದೆ. ಸೋಗೆ, ಅಡಿಕೆ ಸಿಪ್ಪೆ, ತೆಂಗಿನ ಗರಿ ಉರಿಸಿದರೆ ಅದನ್ನೂ ತೂಗಬೇಕು. ಇವನ್ನೆಲ್ಲ ಯಾರೂ ಕಟ್ಟಿಗೆ ಎಂದು ಎಣಿಸುವುದಿಲ್ಲವಾದ್ದರಿಂದ ಕೇಳಿಯೇ ಬರೆಯಿಸಬೇಕಾಗುತ್ತದೆ.

ಎರಡು ಸಲ ಅಳೆಯಬೇಕು: ಜನವರಿಯ ಚಳಿಯಲ್ಲಿ ಒಮ್ಮೆ, ಜುಲೈ ಮಳೆಯಲ್ಲಿ ಒಮ್ಮೆ. ಮಳೆಗಾಲದಲ್ಲಿ ತೂಕ ಏರುವುದಕ್ಕೆ ಅರ್ಧ ಕಾರಣ ಕಟ್ಟಿಗೆಯೊಳಗಿನ ನೀರು. ಹಸಿ ಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಚೆನ್ನಾಗಿ ಒಣಗಿದ್ದರಲ್ಲಿ ಶೇ 20ರ ಆಸುಪಾಸು. ಅದಕ್ಕೇ ತೂಕದ ಪಕ್ಕದಲ್ಲಿ ‘ಒಣ’, ‘ಅರೆಹಸಿ’, ‘ಹಸಿ’ ಎಂದು ಬರೆಯಿಸುತ್ತೇವೆ. ಕೈಯಲ್ಲಿ ಹಿಡಿದು ಒಂದಕ್ಕೊಂದು ಬಡಿದರೆ ಬರುವ ಸದ್ದಿನಿಂದಲೇ ಹೆಂಗಸರು ಇದನ್ನು ಹೇಳಿಬಿಡುತ್ತಾರೆ.

ಮನೆಯಲ್ಲಿ ಉಂಡವರ ಸಂಖ್ಯೆಯನ್ನೂ ದಿನಾ ಬರೆಯಬೇಕು, ನೆಂಟರು ಬಂದರೆ ಲೆಕ್ಕ ಜಿಗಿಯುತ್ತದೆ. ಒಲೆ ಪರೀಕ್ಷೆಯ ಅಂತರರಾಷ್ಟ್ರೀಯ ಕ್ರಮದಲ್ಲಿ ವಯಸ್ಕ ಗಂಡಸನ್ನು 1, ಹೆಂಗಸನ್ನು 0.8, ಮಗುವನ್ನು 0.5 ಎಂದು ಹಿಡಿಯುವ ಪದ್ಧತಿ ಇದೆ. ನಾವು ಅದನ್ನು ಕೈಬಿಟ್ಟು ತಲೆ ಎಣಿಸುತ್ತೇವೆ. ಬಚ್ಚಲ ನೀರಿಗೆ ಈ ಭೇದ ಅನ್ವಯಿಸುವುದಿಲ್ಲ. ತಮ್ಮನ್ನೇ ಮುಕ್ಕಾಲು ಮನುಷ್ಯರೆಂದು ಎಣಿಸುವ ಪುಸ್ತಕವನ್ನು ಹೆಂಗಸರ ಕೈಯಿಂದ ಬರೆಸುವುದು ಸರಿಯೂ ಅಲ್ಲ.

ದೊಡ್ಡ ತೊಡಕು ಭಯದ್ದು. ಕಟ್ಟಿಗೆ ಎಲ್ಲಿಂದ ಬಂತು ಎಂದು ಬರೆದರೆ ಅರಣ್ಯ ಇಲಾಖೆಯ ಕೇಸು ಆದೀತು ಎಂಬ ಅಂಜಿಕೆ ಇದ್ದೇ ಇರುತ್ತದೆ. ಅಂಥಲ್ಲಿ ತೂಕ ಕಡಿಮೆ ಹೇಳುತ್ತಾರೆ, ಇಲ್ಲವೆ ‘ತೋಟದ್ದೇ’ ಎನ್ನುತ್ತಾರೆ. ಹಾಗಾಗಿ ನೋಟ್‌ಬುಕ್ಕಿನಲ್ಲಿ ಹೆಸರಿನ ಬದಲು ಅಂಕಿ ಇರಬೇಕು, ತಂದ ಜಾಗ ಇರಕೂಡದು. ಯಾವ ಅಂಕಿ ಯಾವ ಮನೆಯದು ಎಂಬ ಪಟ್ಟಿ ಸಂಘದ ಪೆಟ್ಟಿಗೆಯಲ್ಲಿರಲಿ. ಪಂಚಾಯಿತಿಗೆ ಹೋಗುವುದು ಒಟ್ಟು ಮೊತ್ತ ಮಾತ್ರ.

ಅಂಕಿ ಬಂದ ಮೇಲೆ ಅದು ಸರಿಯೇ ಎಂದು ಲೆಕ್ಕದಿಂದ ತಾಳೆ ನೋಡಬಹುದು. ಹಂಡೆಯ 60 ಲೀಟರ್ ನೀರನ್ನು 22 ಡಿಗ್ರಿಯಿಂದ 62ಕ್ಕೆ ಏರಿಸಲು ಸುಮಾರು 10 ಮೆಗಾಜೂಲ್ ಶಾಖ ಬೇಕು. ಒಣ ಕಟ್ಟಿಗೆ ಕೆ.ಜಿ.ಗೆ 15 ಮೆಗಾಜೂಲಿನಷ್ಟು ಕೊಡುತ್ತದೆ. ಬಾಯಿ ತೆರೆದ ಹಳೆಯ ಒಲೆಯಲ್ಲಿ ಶೇ 12 ಮಾತ್ರ ನೀರಿಗೆ ಸೇರಿತೆಂದರೆ ಐದೂವರೆ ಕೆ.ಜಿ. ಖರ್ಚು. ಶೇ 25 ಸೇರಿದರೆ ಎರಡೂ ಮುಕ್ಕಾಲು ಕೆ.ಜಿ.ಗಿಂತ ಕಡಿಮೆ ಸಾಕು. ದಿನಕ್ಕೆ ಉಳಿಯುವ ಮೂರು ಕೆ.ಜಿ. ವರ್ಷಕ್ಕೆ ಸುಮಾರು ಒಂದು ಟನ್ ಆಗುತ್ತದೆ. 25 ಕೆ.ಜಿ. ಹೊರೆಯಾದರೆ 40ಕ್ಕೂ ಹೆಚ್ಚು ಹೊರೆ ತಲೆಯಿಂದ ಇಳಿದ ಹಾಗೆ. ಸಭೆಯಲ್ಲಿ ಟನ್ ಎಂದರೆ ಯಾರಿಗೂ ನಾಟುವುದಿಲ್ಲ, ಹೊರೆ ಎಂದರೆ ಎಲ್ಲರಿಗೂ ತಿಳಿಯುತ್ತದೆ.

ಸುಧಾರಿತ ಒಲೆ ನಮ್ಮ ರಾಜ್ಯಕ್ಕೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದ ಒಲೆ ಹಳ್ಳಿಹಳ್ಳಿಗೆ ಹೋಗಿತ್ತು. ಅದರ ಲೆಕ್ಕಾಚಾರ ಇವತ್ತಿಗೂ ಗಟ್ಟಿ. ಹಲವು ಮನೆಗಳಲ್ಲಿ ಅದು ಉಳಿಯಲಿಲ್ಲ, ಅದಕ್ಕೆ ಕಾರಣ ಕೇಳಬೇಕಾದ್ದು ಒಲೆಯ ಮುಂದೆ ಕೂರುವವರನ್ನು. ಒಲೆಯ ಬಾಯಿ ಚಿಕ್ಕದಾದ್ದರಿಂದ ಮುಂಗೈ ಗಾತ್ರಕ್ಕೆ ಸೀಳಿದ ಕಟ್ಟಿಗೆ ಬೇಕು. ಸೀಳುವುದು ಗಂಡಸರ ಕೆಲಸ. ಅವರು ಸೀಳಿಕೊಡದಿದ್ದರೆ ಹೆಂಗಸರು ದಪ್ಪ ಕುಂಟೆ ತುರುಕಲು ಬಾಯಿಯನ್ನೇ ಒಡೆದು ಅಗಲಿಸುತ್ತಾರೆ. ಅಲ್ಲಿಗೆ ಗಾಳಿ ನುಗ್ಗಿ ಒಲೆ ಹಳೆಯ ಒಲೆಯೇ ಆಗುತ್ತದೆ. ಎರಡನೆಯದು ಚಿಮಣಿ. ಹೆಂಚಿನ ಮಾಡಿನಲ್ಲಿ ಕೊಳವೆ ಹೊರಹೋಗುವ ತೂತಿನ ಸುತ್ತ ತಗಡು ಸರಿಯಾಗಿ ಕೂರಿಸದಿದ್ದರೆ ಮೊದಲ ಆರಿದ್ರಾ ಮಳೆಗೇ ನೀರು ಒಲೆಗೆ ಇಳಿಯುತ್ತದೆ. ಹಸಿ ಕಟ್ಟಿಗೆ ಉರಿಸಿದರೆ ಒಳಗೆ ಜಿಗುಟು ಮಸಿ ಕಟ್ಟಿ ಹೊಗೆ ಹಿಂದಕ್ಕೆ ಬರುತ್ತದೆ. ತಿಂಗಳಿಗೊಮ್ಮೆ ಚಿಮಣಿ ಒರೆಸುವವರು ಯಾರು ಎಂಬುದನ್ನು ಒಲೆ ಕಟ್ಟುವ ದಿನವೇ ಮನೆಯವರ ನಡುವೆ ತೀರ್ಮಾನಿಸಿಕೊಳ್ಳಬೇಕು. ಹಂಡೆಗೂ ಒಲೆಯ ಗೋಡೆಗೂ ನಡುವೆ ಎರಡು ಸೆಂ.ಮೀ. ಸಂದು ಸಾಕು. ಗಾರೆಯವರು ಧಾರಾಳವಾಗಿ ನಾಲ್ಕು ಬೆರಳು ಬಿಟ್ಟರೆ ಉರಿ ಹಂಡೆ ಮುಟ್ಟದೆ ಚಿಮಣಿಗೆ ಓಡುತ್ತದೆ. ಅಡುಗೆಮನೆಯ ಹೊಗೆ ಪೂರ್ತಿ ನಿಂತರೆ ಅಟ್ಟದ ಮೇಲಿನ ಕಾಯಿ, ಮಾಡಿನ ಮರ ಹುಳ ಹಿಡಿಯುತ್ತದೆ ಎಂಬ ಮಾತೂ ಬರುತ್ತದೆ. ಅದು ನಿಜವಾದ ನಷ್ಟ, ತಳ್ಳಿಹಾಕಬಾರದು. ಅದಕ್ಕಾಗಿಯೇ ಬಚ್ಚಲ ಒಲೆಯಿಂದ ಶುರುಮಾಡುವುದು ಮೇಲು.

ಗೋಬರ್ ಗ್ಯಾಸಿನ ವಿಷಯ ಬಂದಾಗ ಮನೆಯೊಳಗಿನ ಅಧಿಕಾರ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಎರಡು ಘನ ಮೀಟರಿನ ದೀನಬಂಧು (ನೆಲದೊಳಗೆ ಕಟ್ಟುವ ಗುಮ್ಮಟದ ಮಾದರಿ) ಘಟಕಕ್ಕೆ ದಿನಕ್ಕೆ 50 ಕೆ.ಜಿ. ಸಗಣಿ, ಅಷ್ಟೇ ನೀರು ಬೇಕು. ಒಂದು ಕೆ.ಜಿ. ಸಗಣಿಯಿಂದ ಸುಮಾರು 40 ಲೀಟರ್ ಅನಿಲ ಬರುತ್ತದೆ, ಒಬ್ಬರ ಅಡುಗೆಗೆ ದಿನಕ್ಕೆ 250ರಿಂದ 300 ಲೀಟರ್ ಬೇಕು. ಕರಪತ್ರದಲ್ಲಿ ‘ನಾಲ್ಕೈದು ದನ ಸಾಕು’ ಎಂದಿರುತ್ತದೆ, ಅದು ಕಟ್ಟಿ ಮೇಯಿಸುವ ದೊಡ್ಡ ದನದ ಲೆಕ್ಕ. ಮಲೆನಾಡು ಗಿಡ್ಡ ಸಣ್ಣ ದನ, ಹಗಲೆಲ್ಲ ಗುಡ್ಡದಲ್ಲಿ ಮೇಯುತ್ತದೆ, ಕೊಟ್ಟಿಗೆಯಲ್ಲಿ ಸಿಗುವುದು ರಾತ್ರಿಯ ಸಗಣಿ ಮಾತ್ರ. ಅದೂ ಸೊಪ್ಪಿನ ಹಾಸಿನ ಜೊತೆ ಬೆರೆತಿರುತ್ತದೆ, ತೊಟ್ಟಿಗೆ ಹಾಕಲು ಬರುವುದಿಲ್ಲ. ತೋಟಕ್ಕೆ ಸೊಪ್ಪಿನ ಗೊಬ್ಬರ ಬೇಕೆಂದು ಯಜಮಾನರು, ಒಲೆಗೆ ಅನಿಲ ಬೇಕೆಂದು ಮನೆಯಾಕೆ, ಎಳೆದಾಟ ಅದೇ ಸಗಣಿಗಾಗಿ. ಒಂದು ವಾರ ದಿನಾ ಬೆಳಿಗ್ಗೆ ಸಗಣಿ ತೂಗಿ, 25 ಕೆ.ಜಿ. ಖಚಿತವಾಗಿ ಸಿಕ್ಕರೆ ಒಂದು ಘನ ಮೀಟರಿನದು ಕಟ್ಟಿ, ಹೊರಬರುವ ಬಗ್ಗಡವನ್ನು ಗೊಬ್ಬರಗುಂಡಿಯ ದರಕಿನ (ಒಣ ತರಗೆಲೆಯ) ಮೇಲೆ ಸುರಿಯುವುದು ಇಬ್ಬರೂ ಒಪ್ಪುವ ದಾರಿ. ಅನಿಲದ ಕೊಳವೆಯಲ್ಲಿ ನೀರು ಕಟ್ಟುವುದು ಇಲ್ಲಿನ ಮಾಮೂಲಿ ದೂರು. ಕೊಳವೆಗೆ ಇಳಿಜಾರು ಕೊಟ್ಟು ಅತಿ ತಗ್ಗಿನಲ್ಲಿ ನೀರು ಬಿಡುವ ಬಿರಡೆ ಇಡಬೇಕು.

ಇನ್ನು ಸಭೆ. ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ವಾರ್ಡ್ ಸಭೆಗೆ ಮತದಾರರ ಹತ್ತನೇ ಒಂದು ಭಾಗ ಅಥವಾ 20 ಜನ, ಯಾವುದು ಕಡಿಮೆಯೋ ಅಷ್ಟು ಕೋರಂ ಬೇಕು. ಬಂದವರಲ್ಲಿ ಕನಿಷ್ಠ ಶೇ 30 ಮಹಿಳೆಯರಿರಬೇಕು. 20ರ ಸಭೆಗೆ ಆರು ಹೆಂಗಸರ ಸಹಿ ಸಾಕು, ಆ ಸಹಿ ಮನೆಬಾಗಿಲಲ್ಲೇ ಸಿಗುವುದುಂಟು. ಅದಕ್ಕಾಗಿ ನಿರ್ಣಯ ಓದುವ ಹೊತ್ತಿಗೆ ಎದುರು ಕೂತ ಗಂಡಸರೆಷ್ಟು, ಹೆಂಗಸರೆಷ್ಟು ಎಂದು ಎಣಿಸಿ ಆ ಅಂಕಿಯನ್ನು ನಡವಳಿ ಪುಸ್ತಕದಲ್ಲೇ ಬರೆಸಬೇಕು.

ಪಂಚಾಯಿತಿಯ ಯೋಜನೆ ತಯಾರಿಯ ಅಭಿಯಾನ ಅಕ್ಟೋಬರ್ 2ಕ್ಕೆ ಶುರುವಾಗುತ್ತದೆ. ಭತ್ತದ ಕೊಯ್ಲು, ಅಡಿಕೆ ಸುಲಿತ ಬೆನ್ನಿಗೇ ಬರುತ್ತವೆ, ರಾತ್ರಿವರೆಗೂ ಹೆಂಗಸರ ಕೈ ಬಿಡುವಿರುವುದಿಲ್ಲ. ಬೆಳಿಗ್ಗೆ 11ಕ್ಕೆ ಸಭೆ ಕರೆದರೆ ಯಾರೂ ಬರುವುದಿಲ್ಲ. ಮಧ್ಯಾಹ್ನ ಎರಡೂವರೆಯಿಂದ ನಾಲ್ಕೂವರೆ, ಹಾಲು ಕರೆಯುವ ಮೊದಲಿನ ಎರಡು ಗಂಟೆ ಮಾತ್ರ ಅವರದ್ದು. ಜಾಗ ಶಾಲೆಯೋ ಅಂಗನವಾಡಿಯೋ ಆಗಿರಲಿ. ದೇವಸ್ಥಾನದ ಸಭಾಂಗಣವಾದರೆ ಮುಟ್ಟಾದವರು ಬರುವುದಿಲ್ಲ, ಕೆಲವು ಕೇರಿಯವರು ಬಂದರೂ ಹೊರಗೇ ನಿಲ್ಲುತ್ತಾರೆ. ಕುರ್ಚಿ ಸಾಲು ಹಾಕದೆ ಎಲ್ಲರಿಗೂ ಜಮಖಾನ ಹಾಸಿ, ಮೊದಲ ಅರ್ಧ ಗಂಟೆ ಹೆಂಗಸರೇ ಬೇರೆ ಕೂತು ಮಾತಾಡಿಕೊಂಡ ಮೇಲೆ ಒಟ್ಟು ಸಭೆ ಸೇರಿದರೆ ಮಾತು ತುಂಡಾಗುವುದಿಲ್ಲ.

ನಿರ್ಣಯದ ಒಕ್ಕಣೆಯನ್ನು ಮೊದಲೇ ಬರೆದು ಒಯ್ಯಬೇಕು. ‘ಹೊಗೆರಹಿತ ಒಲೆ ನೀಡುವಂತೆ ಕೋರಲಾಯಿತು’ ಎಂದು ಬರೆದರೆ ಅದು ಅಲ್ಲಿಗೇ ಮುಗಿಯಿತು. ಯಾವ ವಾರ್ಡ್, ಎಷ್ಟು ಮನೆ ತೂಗಿದ್ದು, ಬಚ್ಚಲ ಒಲೆಗೆ ದಿನಕ್ಕೆ ಸರಾಸರಿ ಎಷ್ಟು ಕೆ.ಜಿ., ಯಾವ ವರ್ಷದ ಯೋಜನೆಗೆ, ಯಾವ ಅನುದಾನದಿಂದ, ಎಷ್ಟು ಮೊತ್ತ, ಯಾವ ತಿಂಗಳೊಳಗೆ, ಇಷ್ಟೂ ಇರಬೇಕು. ಸೂಚಕರು, ಅನುಮೋದಕರು ಇಬ್ಬರೂ ಹೆಂಗಸರಾಗಿದ್ದು ಅವರ ಹೆಸರೇ ದಾಖಲಾಗಬೇಕು. ನಮ್ಮಲ್ಲಿ ಪಂಚಾಯಿತಿಯ ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲು. ಸದಸ್ಯೆಯ ಬದಲು ಗಂಡ ಎದ್ದು ಮಾತಾಡುವ ಕಡೆ, ಅಭಿವೃದ್ಧಿ ಅಧಿಕಾರಿಯವರು ಸದಸ್ಯೆಯ ಹೆಸರು ಹಿಡಿದು ಕರೆಯುವಂತೆ ಮೊದಲೇ ಕೇಳಿಕೊಂಡರೆ ಅಷ್ಟಕ್ಕೇ ಸಾಕಷ್ಟು ಬದಲಾಗುತ್ತದೆ.

‘ಇದು ಪಂಚಾಯಿತಿಗೆ ಬರುವ ವಿಷಯವಲ್ಲ’ ಎಂಬ ಉತ್ತರ ಬಂದೇ ಬರುತ್ತದೆ. ಸಂವಿಧಾನದ 11ನೇ ಅನುಸೂಚಿಯಲ್ಲಿ 12ನೆಯದು ಇಂಧನ ಮತ್ತು ಮೇವು, 15ನೆಯದು ಅಸಾಂಪ್ರದಾಯಿಕ ಇಂಧನ ಮೂಲಗಳು. ಆ ಪುಟದ ನಕಲು ನೋಟ್‌ಬುಕ್ಕಿನಲ್ಲಿ ಅಂಟಿಸಿಟ್ಟುಕೊಳ್ಳಿ. ಖಾಸಗಿ ಮನೆಯ ಒಲೆಗೆ ಹಣ ಹಾಕಲಾಗದು ಎಂಬ ಮುಂದಿನ ಆಕ್ಷೇಪಕ್ಕೆ, ಒಲೆಯ ಅಚ್ಚು, ಹೆಂಗಸರಿಗೆ ಒಲೆ ಕಟ್ಟುವ ತರಬೇತಿ, ಅಂಗನವಾಡಿ ಮತ್ತು ಬಿಸಿಯೂಟದ ಅಡುಗೆಮನೆಯ ಒಲೆ ಕೇಳುವುದು ನಮಗೆ ಒದಗಿದ ದಾರಿ. ಅಚ್ಚು ಮತ್ತು ಕೈ ಎರಡೂ ಊರಿನಲ್ಲಿ ಉಳಿದರೆ ಮನೆಗಳು ತಾವೇ ಕಟ್ಟಿಸಿಕೊಳ್ಳುತ್ತವೆ.

ಯಾರ ಹೆಸರಿಗೆ ಎಂಬುದನ್ನೂ ಮರೆಯಬಾರದು. 2016ರಲ್ಲಿ ಶುರುವಾದ ಉಜ್ವಲ ಯೋಜನೆಯ ಅಡುಗೆ ಅನಿಲ ಸಂಪರ್ಕ ಹೆಂಗಸಿನ ಹೆಸರಿಗೇ ಬರುತ್ತದೆ, ಅರಣ್ಯ ಹಕ್ಕು ಕಾಯ್ದೆಯ ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿಗೆ. ಚಾವಣಿ ಸೌರವಿದ್ಯುತ್ತಿಗೆ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟಿಗೆ 78,000 ರೂಪಾಯಿ ಸಹಾಯಧನ ಇದೆ, ಆದರೆ ಅದು ಕರೆಂಟ್ ಸಂಪರ್ಕದ ಆರ್‌ಆರ್ ನಂಬರ್ ಯಾರ ಹೆಸರಲ್ಲಿದೆಯೋ ಅವರಿಗೆ. ತೀರಿಹೋದ ಮಾವನ ಹೆಸರಲ್ಲೇ ಮೀಟರ್ ಉಳಿದ ಮನೆಯಲ್ಲಿ ಸೊಸೆ ಅರ್ಜಿ ಹಾಕಲಾರಳು. ವಿದ್ಯುತ್ ಕಂಪನಿ ಮೆಸ್ಕಾಂನಲ್ಲಿ ಹೆಸರು ಬದಲಾವಣೆಯಾಗಬೇಕಾದ ಮನೆಗಳ ಪಟ್ಟಿಯನ್ನು ವಾರ್ಡ್ ಸಭೆಗೆ ಮೊದಲೇ ಮಾಡಿಕೊಂಡಿರಬೇಕು.

ತೂಗಿದ ಇದೇ ಪುಸ್ತಕ ದೊಡ್ಡ ಯೋಜನೆಗಳ ಸಾರ್ವಜನಿಕ ಅಹವಾಲು ಸಭೆಗೂ ಸಾಕ್ಷ್ಯ. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವಿನ 2000 ಮೆಗಾವಾಟಿನ ಶರಾವತಿ ಪಂಪ್ಡ್ ಸ್ಟೋರೇಜ್ (ಕೆಳಗಿನ ನೀರನ್ನು ಮೇಲಕ್ಕೆತ್ತಿ, ಬೇಕಾದಾಗ ಇಳಿಸಿ ವಿದ್ಯುತ್ ತೆಗೆಯುವ) ಯೋಜನೆಯಂಥವು ಬಂದಾಗ, ಪರಿಸರ ಪರಿಣಾಮ ವರದಿಯ ಸಾಮಾಜಿಕ ಅಧ್ಯಾಯವನ್ನು ಮೊದಲು ತೆರೆದು ನೋಡಿ. ಸಮೀಕ್ಷೆಯಲ್ಲಿ ಕೇಳುವುದು ಸಾಮಾನ್ಯವಾಗಿ ‘ಮನೆಯ ಯಜಮಾನ’ರನ್ನು. ಸೊಪ್ಪು, ದರಕು, ಕಟ್ಟಿಗೆಗೆ ಹೋಗುವ ಕಾಲುದಾರಿ ಅದರಲ್ಲಿ ಬರುವುದಿಲ್ಲ. ಆ ದಾರಿಗಳನ್ನು ಹೆಂಗಸರೇ ಊರಿನ ನಕ್ಷೆಯಲ್ಲಿ ಎಳೆಯಲಿ, ಮನೆಯ ಹೆಸರು ಬೇಡ, ದಾರಿ ಮಾತ್ರ.

ಪರಿಸರ ಪರಿಣಾಮ ಅಂದಾಜಿನ 2006ರ ಅಧಿಸೂಚನೆ ಪ್ರಕಾರ ಅಹವಾಲಿಗೆ ಕನಿಷ್ಠ 30 ದಿನದ ಮುನ್ಸೂಚನೆ ಬೇಕು, ಒಂದು ಸ್ಥಳೀಯ ಭಾಷೆಯ ಪತ್ರಿಕೆಯಲ್ಲೂ ಪ್ರಕಟವಾಗಬೇಕು, ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಮೊದಲ ವಾರ ಜಿಲ್ಲಾಧಿಕಾರಿ ಕಚೇರಿ ಅಥವಾ ಜಿಲ್ಲಾ ಪಂಚಾಯಿತಿಯಿಂದ ಅದನ್ನು ತರುವುದಕ್ಕೆ, ಮುಂದಿನ ಎರಡು ವಾರ ಸಂಘದಲ್ಲಿ ಗಟ್ಟಿಯಾಗಿ ಓದುವುದಕ್ಕೆ, ಕೊನೆಯ ವಾರ ಬರೆಯುವುದಕ್ಕೆ. ಒಂದು ಹಾಳೆಗೆ ಒಂದೇ ವಿಷಯ, ಜೊತೆಗೆ ವರದಿಯ ಪುಟಸಂಖ್ಯೆ. ‘ಕಾಡು ಹಾಳಾಗುತ್ತದೆ’ ಎಂದರೆ ಯೋಜನೆಯವರು ‘ಗಮನಿಸಲಾಗಿದೆ’ ಎಂದು ಉತ್ತರಿಸಿ ಕೈತೊಳೆದುಕೊಳ್ಳುತ್ತಾರೆ. ‘ಇಂಥ ಪುಟದಲ್ಲಿ ಹೇಳಿದ ರಸ್ತೆ ಇಷ್ಟು ಮನೆಗಳ ದರಕಿನ ದಾರಿಯನ್ನು ಕಡಿಯುತ್ತದೆ, ಬದಲಿ ದಾರಿ ವರದಿಯಲ್ಲಿಲ್ಲ’ ಎಂದರೆ ಅದಕ್ಕೆ ಉತ್ತರ ಬರೆಯಲೇಬೇಕಾಗುತ್ತದೆ. ಮಾತಿಗೆ ಎರಡು ಮೂರು ನಿಮಿಷವಷ್ಟೇ ಸಿಗಬಹುದು, ಆದ್ದರಿಂದ ಅಂಕಿ ಮೊದಲ ವಾಕ್ಯದಲ್ಲೇ ಬರಲಿ. ಸಭೆ ಮುಗಿಯುವಾಗ ನಡವಳಿಯ ಸಾರವನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕೆಂಬ ನಿಯಮವಿದೆ. ಹೆಚ್ಚಿನವರು ಬಸ್ಸಿಗೆ ಓಡಿರುತ್ತಾರೆ. ವಾಹನ ಗೊತ್ತುಮಾಡಿ ನಾಲ್ಕು ಹೆಂಗಸರಾದರೂ ಕೊನೆಯವರೆಗೆ ಕೂತು, ತಾವು ಹೇಳಿದ್ದು ಬಂದಿದೆಯೇ ಎಂದು ಕೇಳಿಸಿಕೊಳ್ಳಬೇಕು, ಬಿಟ್ಟಿದ್ದರೆ ಅಲ್ಲೇ ಸೇರಿಸಲು ಹೇಳಬೇಕು.

ಕೊಟ್ಟ ಪ್ರತಿ ಹಾಳೆಗೂ ಎರಡನೇ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿ. ಆ ಪ್ರತಿ, ತೂಕದ ನೋಟ್‌ಬುಕ್, ನಡವಳಿಯ ದೃಢೀಕೃತ ನಕಲು, ಮೂರೂ ಸಂಘದ ಪೆಟ್ಟಿಗೆಯಲ್ಲಿರಲಿ. ಪೆಟ್ಟಿಗೆಯ ಎರಡು ಬೀಗದ ಕೈಗಳು ಬೇರೆ ಬೇರೆ ಕೇರಿಯ ಇಬ್ಬರು ಹೆಂಗಸರ ಬಳಿ ಇರಲಿ.