ಅನಾನಸ್ ಸಿಪ್ಪೆಯಿಂದ ವಿನೆಗರ್: ಮೊದಲು ಗಾಳಿ ಬೇಡ, ಆಮೇಲೆ ಗಾಳಿ ಬೇಕೇ ಬೇಕು

ಸಾಗರ, ಸೊರಬ ಕಡೆ ಅನಾನಸ್ ಸೀಸನ್ನಲ್ಲಿ ಜ್ಯೂಸ್ ಅಂಗಡಿ ಹಿಂದೆ ಬಿದ್ದಿರೋ ಸಿಪ್ಪೆ ರಾಶಿ ನೋಡಿದ್ರೆ ಹೊಟ್ಟೆ ಉರಿಯುತ್ತೆ, ಅದ್ರಲ್ಲಿ ಇನ್ನೂ ಸಕ್ಕರೆ ಉಳಿದಿರುತ್ತೆ, ಅದರಿಂದ ಒಳ್ಳೆ ಅಸಿಟಿಕ್ ಆಸಿಡ್, ಅಂದ್ರೆ ವಿನೆಗರ್ ಮಾಡ್ಬಹುದು. ಯೀಸ್ಟ್ ಸಕ್ಕರೆನ ಆಲ್ಕೋಹಾಲ್ ಮಾಡುತ್ತೆ, ಅಸಿಟೋಬ್ಯಾಕ್ಟರ್ ಅನ್ನೋ ಬ್ಯಾಕ್ಟೀರಿಯಾ ಆ ಆಲ್ಕೋಹಾಲನ್ನ ಆಸಿಡ್ ಮಾಡುತ್ತೆ. ಮೊದಲನೇ ಕೆಲಸಕ್ಕೆ ಗಾಳಿ ಬೇಡ, ಎರಡನೇದಕ್ಕೆ ಗಾಳಿ ಬೇಕು. ತುಂಬಾ ಜನ ಎರಡನ್ನೂ ಮುಚ್ಚಿದ ಡಬ್ಬಿಲೇ ಮುಗಿಸೋಕೆ ಹೋಗ್ತಾರೆ, ಆಗ ಹುಳಿ ಸರಿಯಾಗಿ ಬರಲ್ಲ.

ಅವತ್ತಿನ ಸಿಪ್ಪೆನೇ ತನ್ನಿ, ಬೂಸ್ಟು ಹಿಡಿದಿದ್ದು ಬೇಡ. 1 ಕೆಜಿ ತೊಳೆದ ಸಿಪ್ಪೆಗೆ 2 ಲೀಟರ್ ನೀರು, 350 ಗ್ರಾಂ ಜೋನಿ ಬೆಲ್ಲ ಹಾಕಿ 10 ನಿಮಿಷ ಕುದಿಸಿ, ಪೂರ್ತಿ ಆರಿದ ಮೇಲೆ ಒಂದು ಚಮಚ ಬ್ರೆಡ್ ಯೀಸ್ಟ್ ಹಾಕಿ. ಬಿಸಿ ಇದ್ದಾಗ ಹಾಕಿದ್ರೆ ಯೀಸ್ಟ್ ಸತ್ತೋಗುತ್ತೆ. ಮುಚ್ಚಳ ಸಡಿಲ ಇರ್ಲಿ, ಗ್ಯಾಸ್ ಹೊರಗೆ ಹೋಗ್ಬೇಕು, ಬಿಗಿ ಮಾಡಿದ್ರೆ ಬಾಟ್ಲಿ ಒಡೆಯುತ್ತೆ. ವಾರದೊಳಗೆ ನೊರೆ ನಿಲ್ಲುತ್ತೆ, ಸೋಸಿ, ಚರಟ ಗೊಬ್ಬರದ ಗುಂಡಿಗೆ ಹಾಕಿ.

ಈಗ ನಿಜವಾದ ಕೆಲಸ. ಸೋಸಿದ ರಸನ ಅಗಲ ಬಾಯಿಯ ಗಾಜು ಅಥವಾ ಪಿಂಗಾಣಿ ಭರಣಿಗೆ ಸುರಿದು, ಆ ರಸದ ಕಾಲು ಭಾಗದಷ್ಟು ಜೀವಂತ ವಿನೆಗರ್, ಅಂದ್ರೆ ಬಿಸಿ ಮಾಡದ, ಬ್ಯಾಕ್ಟೀರಿಯಾ ಇನ್ನೂ ಬದುಕಿರೋ ವಿನೆಗರ್ ಸೇರಿಸಿ, ಬಟ್ಟೆ ಕಟ್ಟಿ ಇಡಿ. ಅಂಗಡಿಯ ಬಿಳಿ ಸಿಂಥೆಟಿಕ್ ವಿನೆಗರ್ ನಡೆಯಲ್ಲ, ಅದ್ರಲ್ಲಿ ಬ್ಯಾಕ್ಟೀರಿಯಾ ಇರಲ್ಲ. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ ಪಾತ್ರೆ ಖಂಡಿತ ಬೇಡ, ಆಸಿಡ್ ಲೋಹನ ತಿನ್ನುತ್ತೆ. 25 ರಿಂದ 30 ಡಿಗ್ರಿ ಇದ್ರೆ ಚೆನ್ನಾಗಿ ಹುಳಿಯುತ್ತೆ, ನಮ್ಮ ಮಳೆಗಾಲದ ಥಂಡಿಲಿ ನಿಧಾನ, ಹಾಗಾಗಿ ಬಚ್ಚಲ ಒಲೆಯ ಹತ್ತಿರ ಬೆಚ್ಚಗಿರೋ ಮೂಲೆಲಿ ಇಡಿ, ಆದ್ರೆ ಹೊಗೆ ತಾಗದ ಹಾಗೆ. ಮೇಲೆ ಲೋಳೆಯಂಥ ಪದರ ಬಂದ್ರೆ ಅದನ್ನ ಕಲಕ್ಬೇಡಿ, ಬ್ಯಾಕ್ಟೀರಿಯಾ ಕಟ್ಟಿಕೊಂಡಿರೋ ಮನೆ ಅದು. ಹಸಿರು ಕಪ್ಪು ರೋಮದಂಥ ಬೂಸ್ಟು ಬಂದ್ರೆ ಮಾತ್ರ ಪೂರ್ತಿ ಚೆಲ್ಲಿ.

ಒಂದು ತಿಂಗಳ ಹೊತ್ತಿಗೆ ಘಾಟು ವಾಸನೆ ಬರುತ್ತೆ, ಆದ್ರೆ ಮೂಗು ನಂಬಿ ಮಾರ್ಬೇಡಿ. ಆಹಾರ ಸುರಕ್ಷತೆ ನೋಡ್ಕೊಳ್ಳೋ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐ ಪ್ರಕಾರ ವಿನೆಗರಲ್ಲಿ ಕನಿಷ್ಠ 3.75% ಅಸಿಟಿಕ್ ಆಸಿಡ್ ಇರ್ಬೇಕು. ಕೆಮಿಸ್ಟ್ರಿ ಲ್ಯಾಬ್ ಇರೋ ಕಾಲೇಜಲ್ಲಿ ಕೇಳ್ಕೊಂಡು ಟೈಟ್ರೇಶನ್, ಅಂದ್ರೆ ಕ್ಷಾರ ಹನಿ ಹನಿಯಾಗಿ ಹಾಕಿ ಆಸಿಡ್ ಎಷ್ಟಿದೆ ಅಂತ ಅಳೆಯೋ ಪರೀಕ್ಷೆ ಮಾಡಿಸಿ: 10 ಎಂಎಲ್ ವಿನೆಗರಿನ ಹುಳಿ ಮುರಿಯೋಕೆ 1 ನಾರ್ಮಲ್ (ಲ್ಯಾಬಲ್ಲಿ ದ್ರಾವಣದ ಶಕ್ತಿ ಹೇಳೋ ಅಳತೆ) ಸೋಡಿಯಂ ಹೈಡ್ರಾಕ್ಸೈಡ್ 6.25 ಎಂಎಲ್‌ಗಿಂತ ಕಡಿಮೆ ಹೋದ್ರೆ ಇನ್ನೊಂದು ವಾರ ಬಿಡಿ.

ಸಾಕಾದ್ಮೇಲೆ ಮಾತ್ರ ತಡ ಮಾಡ್ಬೇಡಿ, ಆಲ್ಕೋಹಾಲ್ ಖಾಲಿಯಾದ್ರೆ ಅದೇ ಬ್ಯಾಕ್ಟೀರಿಯಾ ಆಸಿಡ್ಡನ್ನೇ ತಿಂದು ನೀರು ಮಾಡ್ಬಿಡುತ್ತೆ. ಸೋಸಿ, ಕುದಿ ಬರದ ಹಾಗೆ ಬಿಸಿ ಮಾಡಿ, ಬಾಟ್ಲಿ ಕುತ್ತಿಗೆವರೆಗೂ ತುಂಬಿ ಬಿಗಿಯಾಗಿ ಮುಚ್ಚಿ. ಬಿಸಿ ಮಾಡೋ ಮುಂಚೆ ಒಂದು ಲೋಟ ಎತ್ತಿಡಿ, ಮುಂದಿನ ಭರಣಿಗೆ ಬೇಕಾಗುತ್ತೆ.