ನಿಲ್ಲುವ ಜಾಗ ಮೊದಲು, ಕ್ಲಿಕ್ ಆಮೇಲೆ

ನವುಲೆ ಕ್ರೀಡಾಂಗಣದಲ್ಲಿ ದೊಡ್ಡ ಕ್ರಿಕೆಟ್ ಪಂದ್ಯವಿದ್ದರೆ ಹಿಂದಿನ ದಿನ ಸಂಜೆಯೇ ಹೋಗಿ ಬೌಂಡರಿ ಗೆರೆಯ ಉದ್ದಕ್ಕೂ ಒಂದು ಸುತ್ತು ಹಾಕಿ ಬರುತ್ತೇನೆ. ಕ್ಯಾಮೆರಾ ಬ್ಯಾಗಿನಲ್ಲೇ ಇರುತ್ತದೆ. ಬಿಸಿಲು ಯಾವ ಕಡೆಯಿಂದ ಬೀಳುತ್ತದೆ, ಸ್ಕೋರ್‌ಬೋರ್ಡ್ ಎಲ್ಲಿದೆ, ಆಟಗಾರನ ಬೆನ್ನ ಹಿಂದೆ ಏನು ಬರುತ್ತದೆ, ಇಷ್ಟು ನೋಡಿಕೊಳ್ಳುತ್ತೇನೆ. ಶಿವಮೊಗ್ಗದಲ್ಲಿದ್ದುಕೊಂಡು ಪತ್ರಿಕೆಗಳಿಗೆ ಸುದ್ದಿಚಿತ್ರ ಕಳಿಸುವ ನಾನು ಗಟ್ಟಿಯಾಗಿ ನಂಬಿರುವುದು ಇದನ್ನು: ಘಟನೆ ನಡೆಯುವ ಹೊತ್ತಿಗೆ ನಾವು ಎಲ್ಲಿ ನಿಂತಿರುತ್ತೇವೆ ಅನ್ನುವುದರಲ್ಲೇ ಚಿತ್ರದ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ. ಊರು ಬಲ್ಲವರಿಗೆ ಆ ಜಾಗ ಬೇಗ ಸಿಗುತ್ತದೆ.

2024ರ ಜನವರಿಯಲ್ಲಿ ಕೂಚ್ ಬೆಹಾರ್ ಟ್ರೋಫಿ ಫೈನಲ್ ನಡೆದದ್ದು ನಮ್ಮ ನವುಲೆಯಲ್ಲೇ. 19 ವರ್ಷದೊಳಗಿನವರ ನಾಲ್ಕು ದಿನಗಳ ಪಂದ್ಯ, ಕರ್ನಾಟಕಕ್ಕೆ ಎದುರಾಳಿ ಮುಂಬೈ. ಮುಂಬೈ 380ಕ್ಕೆ ಆಲೌಟ್ ಆಯಿತು. ಆಮೇಲೆ ಇನಿಂಗ್ಸ್ ಆರಂಭಿಸಿದ ಪ್ರಖರ್ ಚತುರ್ವೇದಿ ಔಟಾಗಲೇ ಇಲ್ಲ. 638 ಎಸೆತಗಳಲ್ಲಿ ಅಜೇಯ 404. ಈ ಟೂರ್ನಿಯ ಫೈನಲ್‌ನಲ್ಲಿ ಅದಕ್ಕೂ ಮೊದಲು ಯಾರೂ ನಾನೂರು ಮುಟ್ಟಿರಲಿಲ್ಲ. 1999ರಲ್ಲಿ ಜೆಮ್‌ಶೆಡ್‌ಪುರದಲ್ಲಿ ಪಂಜಾಬ್ ಪರ ಯುವರಾಜ್ ಸಿಂಗ್ ಗಳಿಸಿದ್ದ 358 ರನ್ ಅಲ್ಲಿಯವರೆಗಿನ ದಾಖಲೆ. ಕರ್ನಾಟಕ 8 ವಿಕೆಟ್‌ಗೆ 890 ಪೇರಿಸಿ, ಮೊದಲ ಇನಿಂಗ್ಸ್ ಮುನ್ನಡೆಯ ಮೇಲೆ ಟ್ರೋಫಿ ಗೆದ್ದಿತು.

ಇಷ್ಟು ಉದ್ದದ ಇನಿಂಗ್ಸ್‌ನ ಚಿತ್ರ ತೆಗೆಯುವುದು ಸುಲಭವಲ್ಲ. ನಲವತ್ತು ರನ್ ಇದ್ದಾಗ ಹೊಡೆದ ಕವರ್ ಡ್ರೈವಿಗೂ ಮುನ್ನೂರನಲವತ್ತು ಇದ್ದಾಗ ಹೊಡೆದದ್ದಕ್ಕೂ ಚಿತ್ರದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಅಲ್ಲಿ ಸುದ್ದಿ ಇರುವುದು ಆ ಅಂಕಿಯಲ್ಲಿ. ಹಾಗಾಗಿ ಸ್ಕೋರ್‌ಬೋರ್ಡ್ ಆಟಗಾರನ ಹಿಂದೆ ಸಿಗುವ ಒಂದು ಜಾಗ, ಮುಖ ಸಿಗುವ ಇನ್ನೊಂದು ಜಾಗ, ಎರಡನ್ನೂ ಮೊದಲೇ ಗುರುತು ಮಾಡಿಕೊಂಡಿರಬೇಕು. ಪಿಚ್ ಉತ್ತರ ದಕ್ಷಿಣವಾಗಿ ಇರುವುದರಿಂದ ಬೆಳಿಗ್ಗೆ ಪೂರ್ವದ ಬದಿಯಲ್ಲಿ ಕೂತರೆ ಸೂರ್ಯ ನಮ್ಮ ಬೆನ್ನಿಗಿರುತ್ತಾನೆ. ಊಟದ ನಂತರ ಪಶ್ಚಿಮಕ್ಕೆ ಹೋಗಬೇಕು. ಒಂದೇ ಜಾಗದಲ್ಲಿ ಕೂತವರಿಗೆ ಅದೇ ಬ್ಯಾಟರ್ ಒಂದು ತುದಿಯಲ್ಲಿ ಮುಖ ಕೊಡುತ್ತಾನೆ, ಓವರ್ ಮುಗಿದು ಇನ್ನೊಂದು ತುದಿಗೆ ಬಂದಾಗ ಬೆನ್ನು ಕೊಡುತ್ತಾನೆ. ಹೆಲ್ಮೆಟ್ ಒಳಗೆ ಕಣ್ಣು ನೆರಳಲ್ಲಿರುತ್ತದೆ. ಭಾವ ಕಾಣುವುದು ಹೆಲ್ಮೆಟ್ ತೆಗೆದಾಗ ಮಾತ್ರ. ಅದಕ್ಕೇ ದಾಖಲೆಯ ರನ್ ಬರುವ ಹೊತ್ತಿಗೆ ನಾನು ಚೆಂಡು ನೋಡುವುದನ್ನೇ ಬಿಡುತ್ತೇನೆ. ಮಾನೋಪಾಡ್ ಎಂಬ ಒಂಟಿಗಾಲಿನ ಸ್ಟ್ಯಾಂಡ್ ಮೇಲೆ ಉದ್ದ ಲೆನ್ಸ್, ಶಟರ್ ವೇಗ ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗ, ಫೋಕಸ್ ಬಿಂದು ಆಟಗಾರನ ಮುಖದ ಮೇಲೆ. ರನ್ ಪೂರ್ತಿಯಾದ ಮೇಲಿನ ಹತ್ತು ಸೆಕೆಂಡು ಬೆರಳು ಎತ್ತುವುದಿಲ್ಲ.

ಜಾಗದ ಮಾತು ಬಂದಾಗಲೆಲ್ಲ ಹೊಸ ಹುಡುಗರಿಗೆ ನಾನು ತೋರಿಸುವ ಚಿತ್ರ 1965ರ ಮೇ 25ರದು. ಅಮೆರಿಕದ ಲ್ಯೂಯಿಸ್ಟನ್ ಊರಿನ ಬಾಕ್ಸಿಂಗ್ ಪಂದ್ಯದಲ್ಲಿ ಮೊಹಮ್ಮದ್ ಅಲಿ ಕೆಳಗೆ ಬಿದ್ದ ಸೋನಿ ಲಿಸ್ಟನ್ ಮೇಲೆ ಅಬ್ಬರಿಸುತ್ತಿರುವುದು. ತೆಗೆದವರು ನೀಲ್ ಲೈಫರ್. ಅದರಲ್ಲಿ ಅಲಿಯ ಕಾಲುಗಳ ಮಧ್ಯೆ, ರಿಂಗಿನ ಆಚೆ ಬದಿಯಲ್ಲಿ ಇನ್ನೊಬ್ಬ ಛಾಯಾಗ್ರಾಹಕ ಕಾಣುತ್ತಾರೆ. ಅವರು ಹರ್ಬ್ ಶಾರ್ಫ್‌ಮನ್, ಅನುಭವಿ, ಲೈಫರ್ ಕೆಲಸ ಮಾಡುತ್ತಿದ್ದ ಪತ್ರಿಕೆಗೇ ದುಡಿಯುತ್ತಿದ್ದವರು. ಆ ಕ್ಷಣದಲ್ಲಿ ಅವರಿಗೆ ಸಿಕ್ಕಿದ್ದು ಅಲಿಯ ಬೆನ್ನು. ಯಾವ ಬದಿ ಸಿಗುತ್ತದೆ ಅನ್ನುವುದು ಅದೃಷ್ಟ, ಒಪ್ಪುತ್ತೇನೆ. ಆದರೆ ರಿಂಗಿನ ಮೇಲೆ ಕಟ್ಟಿದ ಫ್ಲಾಶ್ ಒಮ್ಮೆ ಬೆಳಗಿದರೆ ಮತ್ತೆ ಚಾರ್ಜ್ ಆಗಲು ಕಾಯಬೇಕಿದ್ದ ಕಾಲ ಅದು. ಆ ಒಂದು ಬೆಳಕನ್ನು ಸರಿಯಾದ ಹೊತ್ತಿಗಾಗಿ ಕಾದಿಟ್ಟುಕೊಂಡದ್ದು ಲೈಫರ್ ಅವರ ಕಸುಬುದಾರಿಕೆ.

ಮಳೆಗಾಲದ ಸುದ್ದಿಗೆ ಮೈದಾನವಿಲ್ಲ, ವೇಳಾಪಟ್ಟಿಯೂ ಇಲ್ಲ. ಆದರೆ ತುಂಗೆ ಬರುವ ದಾರಿ ನಮಗೆ ಗೊತ್ತು. ಆಗುಂಬೆ, ಶೃಂಗೇರಿ ಕಡೆ ಮಳೆ ಹಿಡಿದುಕೊಂಡಿದೆ ಎಂದರೆ ತೀರ್ಥಹಳ್ಳಿಯ ಪರಿಚಯದವರಿಗೆ ಫೋನ್ ಮಾಡುತ್ತೇನೆ: ರಾಮಮಂಟಪದ ಹತ್ತಿರ ನೀರು ಎಷ್ಟಿದೆ? ಅಲ್ಲಿ ಏರಿದ್ದು ಗಾಜನೂರು ಅಣೆಕಟ್ಟಿಗೆ ಬರುತ್ತದೆ, ಗಾಜನೂರಿನ ಗೇಟು ದಾಟಿದ್ದು ಶಿವಮೊಗ್ಗಕ್ಕೆ. ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿತೆಂದರೆ ಹೊಳೆ ತುಂಬಿದೆ ಎಂದು ಊರೇ ಹೇಳುತ್ತದೆ, ಜನ ಕೊಡೆ ಹಿಡಿದು ನೋಡಲು ಬರುತ್ತಾರೆ. ಬರೀ ನೀರಿನ ಚಿತ್ರ ಏನನ್ನೂ ಹೇಳುವುದಿಲ್ಲ. ಕೆಂಪು ನೀರು ಎಲ್ಲ ಹೊಳೆಯಲ್ಲೂ ಕೆಂಪೇ. ಎಷ್ಟು ಏರಿದೆ ಎಂದು ತಿಳಿಯಬೇಕಾದರೆ ಓದುಗನಿಗೆ ಪರಿಚಯವಿರುವ ವಸ್ತುವೊಂದು ಚಿತ್ರದಲ್ಲಿರಬೇಕು. ಮಂಟಪದ ಕಂಬ, ಸೋಪಾನ, ವಿದ್ಯುತ್ ಕಂಬ, ಯಾರದೋ ಮನೆಯ ಬಾಗಿಲ ಚಿಲಕ. ನೀರು ಇಳಿದಿದ್ದಾಗ ಬೇಸಿಗೆಯಲ್ಲೇ ಅದೇ ಜಾಗದಿಂದ ಅದೇ ಲೆನ್ಸಿನಲ್ಲಿ ಒಂದು ಚಿತ್ರ ತೆಗೆದಿಟ್ಟಿರುತ್ತೇನೆ. ಎರಡನ್ನೂ ಅಕ್ಕಪಕ್ಕ ಹಾಕಿದರೆ ಡೆಸ್ಕಿನವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

2019ರ ಆಗಸ್ಟ್‌ನಲ್ಲಿ ನೀರು ಮಂಟಪಕ್ಕೆ ನಿಲ್ಲದೆ ಕುಂಬಾರಗುಂಡಿ, ರಾಜೀವ್ ಗಾಂಧಿ ಬಡಾವಣೆಯ ಮನೆಗಳಿಗೇ ನುಗ್ಗಿತು. ಆಗ ನಾನು ಸೇತುವೆ ಬಿಟ್ಟು ಗಲ್ಲಿಯೊಳಗೆ ಇಳಿದೆ. ಒಬ್ಬ ಅಜ್ಜಿ ಸೊಂಟದ ಮಟ್ಟದ ನೀರಿನಲ್ಲಿ ನಡೆದು ಬರುತ್ತಿದ್ದರು, ತಲೆಯ ಮೇಲೆ ಸ್ಟೀಲಿನ ಡಬ್ಬ, ಡಬ್ಬದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ರೇಷನ್ ಕಾರ್ಡ್. ಮೊದಲು ಕೈಹಿಡಿದು ಮೆಟ್ಟಿಲು ಹತ್ತಿಸಿದೆ. ಆಮೇಲೆ ಕೇಳಿ ಚಿತ್ರ ತೆಗೆದೆ. ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಚಿತ್ರಗಳಿಂದ ನಾನು ಕಲಿತದ್ದು ಇಂಥ ನಡತೆಯನ್ನು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ ನ್ಯೂಯಾರ್ಕಿನ ವಿಶ್ವಸಂಸ್ಥೆ ಕಚೇರಿಯಲ್ಲಿ ನಡೆದಿತ್ತು. ಅವರ ಚಿತ್ರದ ಬಡವರು ಯಾರೂ ಕುಗ್ಗಿ ನಿಂತಂತೆ ಕಾಣುವುದಿಲ್ಲ.

2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹತ್ತಿರದ ಹುಣಸೋಡಿನಲ್ಲಿ ಸ್ಫೋಟಕ ಸಿಡಿದು ಕಾರ್ಮಿಕರು ಸತ್ತಾಗ ಭೂಕಂಪವೆಂದು ಊರೂರೇ ಬೀದಿಗೆ ಬಂದಿತ್ತು, ಚಿಕ್ಕಮಗಳೂರಿನವರೆಗೂ ಸದ್ದು ಮುಟ್ಟಿತ್ತು. ದೇಹಗಳ ಚಿತ್ರ ನಾನು ತೆಗೆಯಲಿಲ್ಲ, ಇವತ್ತೂ ತೆಗೆಯುವುದಿಲ್ಲ. ಸುತ್ತಲಿನ ಮನೆಗಳ ಒಡೆದ ಗಾಜೇ ಆ ಸ್ಫೋಟದ ಬಲವನ್ನು ಹೇಳುತ್ತಿತ್ತು.

ಇನ್ನು ಮಲೆನಾಡಿನಲ್ಲಿ ಕ್ಯಾಮೆರಾ ಉಳಿಸಿಕೊಳ್ಳುವುದೇ ಒಂದು ವ್ರತ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೆನ್ಸಿನ ಒಳಗೆ ಬೂಷ್ಟು ಹಿಡಿಯುತ್ತದೆ, ಜೇಡರ ಬಲೆಯಂತೆ ಗಾಜಿನ ಅಂಚಿನಿಂದ ಒಳಕ್ಕೆ ಹರಡುತ್ತದೆ. ಗಾಳಿಯಾಡದ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹಾಕಿ, ತೇವಾಂಶ ನೂರಕ್ಕೆ ನಲವತ್ತರಿಂದ ಐವತ್ತರೊಳಗೆ ಇರುವಂತೆ ಮೀಟರ್ ನೋಡಿಕೊಳ್ಳುತ್ತೇನೆ. ಜೆಲ್ ಬಣ್ಣ ಬದಲಾದರೆ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬಿಸಿ ಮಾಡಿ ಮತ್ತೆ ಹಾಕುತ್ತೇನೆ. ಎ.ಸಿ. ಕಾರಿನಿಂದ ನೇರ ಮಳೆಗೆ ಕ್ಯಾಮೆರಾ ತೆಗೆಯುವುದಿಲ್ಲ, ಗಾಜು ಮಂಜಾಗುತ್ತದೆ. ಒರೆಸಲು ಹಳೆಯ ಹತ್ತಿ ಪಂಚೆಯ ತುಂಡಿನಷ್ಟು ಒಳ್ಳೆಯದು ಬೇರೊಂದಿಲ್ಲ. ಮಳೆಯೇ ಚಿತ್ರದಲ್ಲಿ ಕಾಣಬೇಕಾದರೆ ಬಿಳಿ ಆಕಾಶ ಬಿಟ್ಟು ಅಡಿಕೆ ತೋಟದ ಕಪ್ಪು ನೆರಳನ್ನು ಹಿನ್ನೆಲೆಗೆ ತಂದುಕೊಳ್ಳಬೇಕು. ಶಟರ್ ಅರವತ್ತರಲ್ಲೊಂದಕ್ಕೆ ಇಳಿಸಿದರೆ ಹನಿ ಗೆರೆಯಾಗುತ್ತದೆ, ಐನೂರರಲ್ಲೊಂದಕ್ಕೆ ಏರಿಸಿದರೆ ಮುತ್ತಾಗಿ ನಿಲ್ಲುತ್ತದೆ. ನೆರೆಯ ಸುದ್ದಿಗೆ ನನಗೆ ಗೆರೆಯೇ ಇಷ್ಟ.

ಮೊದಲು ಚಿತ್ರದ ಕವರನ್ನು ರಾತ್ರಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಬೆಂಗಳೂರಿಗೆ ಕಳಿಸುತ್ತಿದ್ದೆವು, ಈಗ ಬೌಂಡರಿ ಗೆರೆಯಿಂದಲೇ ಮೊಬೈಲ್ ಮೂಲಕ ಹೋಗುತ್ತದೆ. ಕ್ಯಾಪ್ಷನ್ ಬರೆಯುವ ಕೆಲಸ ಮಾತ್ರ ಬದಲಾಗಿಲ್ಲ. ಯಾರು, ಎಲ್ಲಿ, ಯಾವ ದಿನ, ಎಷ್ಟು ಹೊತ್ತಿಗೆ, ಹೆಸರಿನ ಅಕ್ಷರ ಸರಿಯಿದೆಯೇ ಎಂದು ಅವರನ್ನೇ ಕೇಳಿಕೊಂಡು ಫೈಲಿನೊಳಗೇ ತುಂಬಿಸುತ್ತೇನೆ. 2019ರ ನೆರೆಚಿತ್ರಗಳನ್ನು ಹುಡುಕಿಕೊಂಡು ಈಗಲೂ ಜನ ಬರುತ್ತಾರೆ, ಮನೆ ಕಟ್ಟುವ ಮೊದಲು ನೀರು ತಮ್ಮ ಬೀದಿಯಲ್ಲಿ ಎಲ್ಲಿವರೆಗೆ ಬಂದಿತ್ತು ಎಂದು ನೋಡಲು. ಬೀದಿಯ ಹೆಸರು, ಗಂಟೆ ಬರೆದಿಟ್ಟಿದ್ದರಿಂದ ಕಂಪ್ಯೂಟರಿನಲ್ಲಿ ಅದನ್ನು ತೆಗೆದು ತೋರಿಸಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.