ಒಳಾಂಗಣ ಕ್ಯಾಮೆರಾ ಹೊರಗೋಡೆಗೆ: ನೆಟ್‌ವರ್ಕ್ ಕೇಬಲಿನಲ್ಲೇ ವಿದ್ಯುತ್ ಕೊಡುವುದು ಹೇಗೆ?

ಮನೆಯೊಳಗೆ ಬಳಸಲೆಂದು ತಯಾರಾದ ಅಗ್ಗದ ವೈಫೈ ಕ್ಯಾಮೆರಾವನ್ನು ಗೇಟು ಕಾಣುವಂತೆ ಹೊರಗೋಡೆಯಲ್ಲಿ ಕೂರಿಸಬಹುದು. ಆದರೆ ಅದು ಮಳೆಗೆ ತಡೆಯುವುದಿಲ್ಲವಾದ್ದರಿಂದ, ಎರಚಲು ತಾಗದಷ್ಟು ಅಗಲದ ಸಜ್ಜೆಯಿದ್ದರೆ ಮಾತ್ರ ಈ ಕೆಲಸಕ್ಕೆ ಕೈಹಾಕಬೇಕು. ಬಯಲಿನ ಕಂಬಕ್ಕೆ, ಕರಾವಳಿ ಮಲೆನಾಡುಗಳ ಗಾಳಿಮಳೆಗೆ ಹೊರಾಂಗಣ ಕ್ಯಾಮೆರಾ ಕೊಳ್ಳುವುದೇ ಸರಿ.

ಮೊದಲು ಕ್ಯಾಮೆರಾದ ಅಡಾಪ್ಟರಿನ ಮೇಲಿನ ಬರಹವನ್ನು ಓದಬೇಕು. ಕೆಲವು ಕ್ಯಾಮೆರಾಗಳಿಗೆ 5 ವೋಲ್ಟ್ ಸಾಕು, ಕೆಲವಕ್ಕೆ 9 ಅಥವಾ 12 ವೋಲ್ಟ್ ಬೇಕು. ಈ 5 ವೋಲ್ಟನ್ನೇ ಉದ್ದದ ನೆಟ್‌ವರ್ಕ್ ಕೇಬಲಿನಲ್ಲಿ ಕಳುಹಿಸುವುದು ವ್ಯರ್ಥ: 20 ಮೀಟರ್ ಕೇಬಲಿನ ಒಂದು ಜೋಡಿ ಎಳೆಯಲ್ಲಿ 1 ಆಂಪಿಯರ್ ಹರಿದರೆ 3 ವೋಲ್ಟಿಗೂ ಹೆಚ್ಚು ದಾರಿಯಲ್ಲೇ ಕಳೆದುಹೋಗುತ್ತದೆ. ಹೀಗೆ ಜೋಡಿಸಿದ ಕ್ಯಾಮೆರಾ ಹಗಲು ಹೇಗೋ ನಡೆದರೂ ರಾತ್ರಿ ಅದರ ಅವಗೆಂಪು (ಇನ್‌ಫ್ರಾರೆಡ್) ದೀಪ ಹೊತ್ತಿದೊಡನೆ ಆಫ್ ಆಗಿಬಿಡಬಹುದು.

ಆದ್ದರಿಂದ ಮನೆಯೊಳಗೆ 802.3ಎಎಫ್ ಮಾನದಂಡದ ಪಿಒಇ (ಪವರ್ ಓವರ್ ಈಥರ್ನೆಟ್, ಅಂದರೆ ನೆಟ್‌ವರ್ಕ್ ಕೇಬಲಿನಲ್ಲೇ ವಿದ್ಯುತ್ ಕಳುಹಿಸುವ ವಿಧಾನ) ಸ್ವಿಚ್ ಅಥವಾ ಕೇಬಲಿಗೆ ವಿದ್ಯುತ್ ಸೇರಿಸುವ ಇಂಜೆಕ್ಟರ್ ಇರಿಸಿ, ಕ್ಯಾಮೆರಾದ ಬಳಿ ಆ ವಿದ್ಯುತ್ತನ್ನು ಬೇರ್ಪಡಿಸುವ ಪಿಒಇ ಸ್ಪ್ಲಿಟರ್ ಜೋಡಿಸಬೇಕು. ಸುಮಾರು 48 ವೋಲ್ಟಿನಲ್ಲಿ ಹೊರಡುವ ವಿದ್ಯುತ್ತು 100 ಮೀಟರ್‌ವರೆಗೂ ನಿಶ್ಚಿಂತೆಯಿಂದ ತಲುಪುತ್ತದೆ. ಸ್ಪ್ಲಿಟರ್ ಅದನ್ನು ಕ್ಯಾಮೆರಾಕ್ಕೆ ಬೇಕಾದ ವೋಲ್ಟಿಗೆ ಇಳಿಸುತ್ತದೆ. ಸ್ಪ್ಲಿಟರಿನ ವೋಲ್ಟ್ ಮತ್ತು ಪಿನ್ ಎರಡೂ ಹೊಂದಬೇಕು. ಎದುರಿನ ಸಾಧನವನ್ನು ಪರೀಕ್ಷಿಸದೆ ಸದಾ 24 ವೋಲ್ಟ್ ಹರಿಸುವ ಅಗ್ಗದ ಇಂಜೆಕ್ಟರ್ ಇದಕ್ಕೆ ಸಲ್ಲದು. ನೆಟ್‌ವರ್ಕ್ ಪೋರ್ಟ್ ಇಲ್ಲದ ಕ್ಯಾಮೆರಾದ ದೃಶ್ಯ ಬರುವುದು ವೈಫೈ ಮೂಲಕವೇ ಆದ್ದರಿಂದ, ಗೋಡೆ ಕೊರೆಯುವ ಮುನ್ನ ಅಲ್ಲಿ ಸಿಗ್ನಲ್ ಸಿಗುತ್ತದೆಯೇ ಎಂದು ನೋಡಿಕೊಳ್ಳಬೇಕು.

ಕೇಬಲ್ ಅಪ್ಪಟ ತಾಮ್ರದ್ದೇ ಆಗಿರಲಿ, ಬಿಸಿಲು ತಡೆಯುವ ಕಪ್ಪು ಹೊರಕವಚವಿರಲಿ. ಸ್ಪ್ಲಿಟರನ್ನು ಜಂಕ್ಷನ್ ಬಾಕ್ಸಿನೊಳಗೆ ಇಟ್ಟು, ಕೇಬಲನ್ನು ಅದರ ತಳದಿಂದಲೇ ಒಳಗೆ ಬಿಡಬೇಕು. ಒಳಹೋಗುವ ಮುನ್ನ ಕೇಬಲನ್ನು ಒಂದು ಗೇಣು ಕೆಳಕ್ಕೆ ಜೋತುಬಿಟ್ಟರೆ, ಅದರ ಮೇಲೆ ಹರಿದು ಬರುವ ನೀರು ಬಳುಕಿನಲ್ಲೇ ತೊಟ್ಟಿಕ್ಕುತ್ತದೆ. ಎಷ್ಟೋ ಪೆಟ್ಟಿಗೆಗಳಿಗೆ ನೀರು ನುಗ್ಗುವುದು ಕೇಬಲಿನ ಗುಂಟ.

ಕ್ಯಾಮೆರಾದ ಮುಂದೆ ಗಾಜು ಹಾಕಬಾರದು. ಅವಗೆಂಪು ಬೆಳಕು ಅದಕ್ಕೆ ಬಡಿದು ಮರಳಿ ರಾತ್ರಿಯ ಚಿತ್ರವೆಲ್ಲ ಬಿಳಿಚುತ್ತದೆ. ಸುಣ್ಣ ಬಳಿದ ಸಜ್ಜೆಯ ಅಡಿಗೆ ಅಂಟಿಸಿದರೂ ಇದೇ ತೊಂದರೆಯಾಗುವುದರಿಂದ ಸ್ವಲ್ಪ ಕೆಳಗೆ ಕೂರಿಸಬೇಕು. ಇನ್ನು ಹೊರಗಿನ ಕೇಬಲ್ ಸಿಡಿಲಿನ ಹೊಡೆತವನ್ನು ಒಳಗಿನ ರೂಟರಿಗೂ ತರಬಲ್ಲದು. ಗುಡುಗು ಶುರುವಾಗುವ ಮೊದಲೇ ಇಂಜೆಕ್ಟರಿನ ಪ್ಲಗ್ಗನ್ನೂ ಅದರ ಎರಡೂ ಬದಿಯ ಕೇಬಲನ್ನೂ ಕಳಚಿಡಬೇಕು.